ಕಾರ್ಡಿನಷ್ಟು ಸಂದು

"ಹಲ್ಲು ಕಟ್ಟೋದು ಅಂದ್ರೆ ಡಾಕ್ಟ್ರು ಬಾಯಲ್ಲಿ ಕೂರಿಸಿದ ತಕ್ಷಣ ಆಯ್ತು ಅಂತ ಜನ ತಿಳ್ಕೊಂಡಿದಾರೆ. ಅದಕ್ಕೆ ಮುಂಚೆ ಅದು ನಮ್ಮಂಥೋರ ಕೈಯಲ್ಲಿ ಎಷ್ಟು ಸಲ ಬೆಂಕಿ ನೋಡಿರುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ ಬಿಡಿ. ಈಗ ನಡುವೆ ಎರಡು ಹಲ್ಲು ಬಿದ್ದುಹೋಗಿದೆ ಅಂತ ಇಟ್ಕೊಳ್ಳಿ. ಆ ಕಡೆ ಹಲ್ಲಿಗೊಂದು ಟೋಪಿ, ಈ ಕಡೆ ಹಲ್ಲಿಗೊಂದು ಟೋಪಿ, ಮಧ್ಯದಲ್ಲಿ ಸುಳ್ಳು ಹಲ್ಲು. ಎಲ್ಲಾ ಸೇರಿ ಒಂದೇ ಸರ. ಅದಕ್ಕೆ ಬ್ರಿಜ್ ಅಂತಾರೆ. ಒಳಗೆ ಲೋಹ, ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ. ಚಿಕ್ಕದಾದ್ರೆ ಒಂದೇ ಸಲಕ್ಕೆ ಎರಕ ಹೊಯ್ದುಬಿಡಬಹುದು. ಉದ್ದ ಇದ್ರೆ ತಣ್ಣಗಾಗೋವಾಗ ಸೊಟ್ಟ ಆಗುತ್ತೆ, ಬಾಯಲ್ಲಿ ಕೂರಲ್ಲ. ಆಗ ಎರಡು ತುಂಡು ಮಾಡಿ ಬೆಸೀಬೇಕು. ಬೆಸೆಯೋದು ಅಂದ್ರೆ ಅಂಟು ಹಚ್ಚೋದಲ್ಲ. ಎರಡು ತುಂಡಿನ ನಡುವೆ ಒಂದು ಸಂದು ಬಿಡಬೇಕು, ಒಂದು ವಿಸಿಟಿಂಗ್ ಕಾರ್ಡ್ ತೂರೋವಷ್ಟು. ಜಾಸ್ತಿ ಬಿಟ್ರೆ ಬೆಸುಗೆಗೆ ಬಲ ಇರಲ್ಲ, ಕಡಿಮೆ ಬಿಟ್ರೆ ಒಳಗೇ ಹೋಗಲ್ಲ. ಎರಡೂ ಮುಖ ಚೊಕ್ಕಟವಾಗಿರಬೇಕು. ಬೆರಳು ತಾಕಿದ ಜಿಡ್ಡು ಕೂಡ ಆಗಲ್ಲ. ಬೆಸುಗೆ ಕಡ್ಡಿ ಕರಗಿ ನೀರಾದ ಮೇಲೆ, ಎಲ್ಲಿ ಬಿಸಿ ಇದೆಯೋ, ಎಲ್ಲಿ ಶುದ್ಧ ಇದೆಯೋ ಅಲ್ಲಿಗೆ ತಾನೇ ಓಡುತ್ತೆ. ಕೊಳೆ ಕಂಡ್ರೆ ಮುಖ ತಿರುಗಿಸ್ಕೊಂಡು ನಿಂತುಬಿಡುತ್ತೆ, ಥೇಟ್ ನಮ್ಮತ್ತೆ ಥರ. ಹೊರಗಿಂದ ಏನೂ ಗೊತ್ತಾಗಲ್ಲ. ಮೇಲೆಲ್ಲ ಹೊಳೀತಾನೇ ಇರುತ್ತೆ, ಒಳಗೆ ಮಾತ್ರ ಟೊಳ್ಳು. ಬಾಯಿ ಅಂದ್ರೆ ಸಾಮಾನ್ಯ ಜಾಗ ಅಲ್ಲ. ಉಪ್ಪು, ಹುಳಿ, ಬಿಸಿ, ತಣ್ಣಗೆ, ಯಾವಾಗ್ಲೂ ತೇವ. ಆ ಟೊಳ್ಳಿಗೆ ಎಂಜಲು ಇಳೀತು ಅಂದ್ರೆ ಕಿಲುಬು ಶುರು. ಕಿಲುಬು ಹಿಡಿದ ಮೇಲೆ ಬಲ ಎಲ್ಲಿಂದ ಬರಬೇಕು? ಒಂದಿನ ಏನೋ ಕಡೀತಾರೆ, ಟಕ್ ಅನ್ನುತ್ತೆ. ಮುಗೀತು."

ಬೆಸುಗೆ ಅಕ್ಕ ಇದನ್ನು ಕೇಳಿದವರಿಗೂ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಆಕಳಿಸಿದರೆ ಸಾಕು, ಅವಳ ಕಣ್ಣು ಅವರ ಬಾಯೊಳಗೆ ಹೋಗಿ ಕೂರುತ್ತದೆ.

ಅವಳು ಕೆಲಸ ಮಾಡುವುದು ತಮ್ಮನ ಹಲ್ಲಿನ ಲ್ಯಾಬಿನಲ್ಲಿ. ಕಿರಿದಾದ ಬೀದಿ, ಕೆಳಗೆ ಛತ್ರಿ ರಿಪೇರಿಯ ಅಂಗಡಿ, ಅದರ ಮೇಲಿನ ಮಹಡಿಯೇ ಲ್ಯಾಬು. ಮೆಟ್ಟಿಲು ಹತ್ತುತ್ತಿದ್ದಂತೆ ಹಸಿ ಪ್ಲಾಸ್ಟರಿನ ವಾಸನೆ ಮೂಗಿಗೆ ಬಡಿಯುತ್ತದೆ. ಮೊದಲ ಕೋಣೆಯ ಗೋಡೆಯುದ್ದಕ್ಕೂ ಕಪಾಟುಗಳು. ಅದರ ತುಂಬ ದವಡೆಗಳ ಅಚ್ಚುಗಳು ಬಾಯಿ ಬಿಟ್ಟುಕೊಂಡು ಕೂತಿವೆ. ಎರಡನೆಯ ಕೋಣೆಯಲ್ಲಿ ಎರಕದ ಒಲೆ, ಲೋಹಕ್ಕೆ ಮರಳು ಊದಿ ಉಜ್ಜುವ ಪೆಟ್ಟಿಗೆ, ಮೆರುಗು ಕೊಡುವ ಚಕ್ರ. ಆ ಕೋಣೆಯ ಮೂಲೆಯಲ್ಲಿ ಒಂದು ದಪ್ಪ ಪರದೆ, ಪರದೆಯ ಹಿಂದೆ ಅಕ್ಕನ ಬೆಂಚು. ಅಲ್ಲಿ ಫ್ಯಾನಿಲ್ಲ; ಗಾಳಿಯಾಡಿದರೆ ಜ್ವಾಲೆ ಅಲುಗುತ್ತದೆ. ದೀಪವೂ ಮಂದ. ಲೋಹ ಯಾವಾಗ ಕೆಂಪಾಯಿತು, ಯಾವಾಗ ಕಿತ್ತಳೆಗೆ ತಿರುಗಿತು ಎನ್ನುವುದು ಅರೆಗತ್ತಲಲ್ಲೇ ಚೆನ್ನಾಗಿ ಕಾಣುವುದು.

ಅಕ್ಕ, ತಮ್ಮ ಇಬ್ಬರೂ ಬೆಸುಗೆಯ ಹೊಗೆಯಲ್ಲೇ ಬೆಳೆದವರು. ಅವರ ಅಪ್ಪ ತೂತು ಬಿದ್ದ ಪಾತ್ರೆ, ಸೋರುವ ಸ್ಟೌವು, ಕಾಲು ಕಳೆದುಕೊಂಡ ಕುರ್ಚಿ ಎಲ್ಲವನ್ನೂ ರಿಪೇರಿ ಮಾಡುತ್ತಿದ್ದ. ತಮ್ಮ ಓದಿ ಹಲ್ಲಿನ ಕೆಲಸ ಕಲಿತ. ಅಕ್ಕ ಅಕ್ಷರ ಕೂಡಿಸಿ ಓದುವಷ್ಟಕ್ಕೆ ಶಾಲೆ ಬಿಟ್ಟಳು. ತಮ್ಮ ಲ್ಯಾಬು ಶುರು ಮಾಡಿದಾಗ ಮೇಣದ ಕೆಲಸ, ಎರಕ, ಪಿಂಗಾಣಿ ಎಲ್ಲಕ್ಕೂ ಅವನ ಕೈ ಒಗ್ಗಿತು. ಬೆಸುಗೆಗೆ ಮಾತ್ರ ಒಗ್ಗಲಿಲ್ಲ. ಅವನದು ತವಕದ ಸ್ವಭಾವ. ಕಡ್ಡಿ ಕರಗುವ ಮೊದಲೇ ಬೆಂಕಿ ಎಳೆದುಬಿಡುತ್ತಿದ್ದ. "ಅಕ್ಕ, ನೀನು ಸುಮ್ನೆ ಕೂತು ನೋಡ್ತಾ ಇರೋದರಲ್ಲಿ ಗಟ್ಟಿ, ಬಾ" ಎಂದು ಕರೆದ. ಅವಳು ಬಂದಳು. ಕೂತು ನೋಡುತ್ತಲೇ ಅವಳ ತಲೆ ಅರ್ಧ ನರೆಯಿತು.

ಅವಳ ಕೆಲಸದ ಕ್ರಮ ಹೀಗೆ. ಎರಡು ತುಂಡುಗಳನ್ನು ಅಚ್ಚಿನ ಮೇಲೆ ಸರಿಯಾಗಿ ಕೂರಿಸಿ ಮೇಣದಿಂದ ಹಿಡಿಸುತ್ತಾಳೆ. ಬೆಂಕಿಗೆ ತಾಳುವ ಪ್ಲಾಸ್ಟರಿನಲ್ಲಿ ಅವನ್ನು ಹುದುಗಿಸಿ, ಗಟ್ಟಿಯಾದ ಮೇಲೆ ಕುದಿಯುವ ನೀರು ಹೊಯ್ದು ಮೇಣವನ್ನೆಲ್ಲ ಕಳೆಯುತ್ತಾಳೆ. ಈಗ ಸಂದು ಬರಿದಾಗಿ ಕಾಣುತ್ತದೆ. ಕಾರ್ಡಿನ ಪಟ್ಟಿ ತೂರಿಸಿ, ಮೇಲಿಂದ ಕೆಳಗಿನವರೆಗೆ ಅದು ಒಂದೇ ಸಮ ಇದೆಯೇ ಎಂದು ನೋಡಬೇಕು. ಬೆಸುಗೆ ಹರಿಯಬಾರದ ಅಂಚುಗಳಿಗೆ ಪೆನ್ಸಿಲಿನಿಂದ ಒಂದು ಗೆರೆ ಗೀಚಬೇಕು. ಕರಗಿದ ಬೆಸುಗೆ ಪೆನ್ಸಿಲಿನ ಕಪ್ಪನ್ನು ದಾಟುವುದಿಲ್ಲ. ಆಮೇಲೆ ಬೆಸುಗೆ ಸಲೀಸಾಗಿ ಹರಿಯಲೆಂದು ಬಿಳಿಗಾರ ಬೆರೆಸಿದ ಪುಡಿ, ಆಮೇಲೆ ಬೆಂಕಿ, ಕೊನೆಗೆ ಬೆಸುಗೆ ಕಡ್ಡಿ.

ಇದರಲ್ಲಿ ಸಂದು ನೋಡುವ ಕೆಲಸ ಈಚೆಗೆ ಅವಳಿಗೆ ಆಗುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಂಕಿಯ ಬಣ್ಣ ಕಾಣುತ್ತಿತ್ತು, ಕಡ್ಡಿ ಕಾಣುತ್ತಿತ್ತು, ಕೂದಲೆಳೆಯ ಲೆಕ್ಕ ಮಾತ್ರ ಮಂಜು ಮಂಜು. ಇದು ಗೊತ್ತಿದ್ದುದು ಅವಳ ಗಂಡನೊಬ್ಬನಿಗೇ. "ತಮ್ಮನಿಗೆ ಹೇಳಿದ್ರೆ ನಾಳೆಯಿಂದ ಪ್ಲಾಸ್ಟರ್ ಕಲಸೋಕೆ ಕೂರಿಸ್ತಾನೆ. ಬಾಯಿ ಬಿಟ್ಟೀರಾ ಜೋಕೆ" ಎಂದು ಅವನ ಬಾಯಿಗೆ ಬೀಗ ಹಾಕಿದ್ದಳು.

ಗಂಡ ದರ್ಜಿ. ಸಿದ್ಧ ಉಡುಪಿನ ಅಂಗಡಿಗಳು ಬೀದಿಗೆರಡಾದ ಮೇಲೆ ಹೊಲಿಸುವವರು ಕಡಿಮೆಯಾಗಿ ಅಂಗಡಿ ಮುಚ್ಚಿದ್ದ. ಆದರೂ ಕಿವಿಯ ಮೇಲಿನ ಪೆನ್ಸಿಲ್ ಇಳಿದಿರಲಿಲ್ಲ. ಮನೆಯಲ್ಲಿ ಕೂತರೆ ಗೋಡೆ ಎಣಿಸಬೇಕು ಎಂದು ದಿನಾ ಹೆಂಡತಿಯ ಜೊತೆ ಲ್ಯಾಬಿಗೆ ಬಂದು ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಅವನ ಕಣ್ಣು ಇನ್ನೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಸಂದು ನೋಡುವ ಕೆಲಸ ಅವನದಾಯಿತು. ತಮ್ಮನ ಕಣ್ಣಿಗೆ ಇದು ಬರೀ ಹರಟೆಯಾಗಿ ಕಂಡಿತ್ತು.

"ಭಾವ, ಅಕ್ಕನ್ನ ಬಿಟ್ಟು ಅರ್ಧ ದಿನವೂ ಇರಕ್ಕಾಗಲ್ವಾ ನಿಮಗೆ?"

"ಮದುವೆ ಮಾಡಿಕೊಡುವಾಗ ನೀನೇ ಹೇಳಿದ್ದಲ್ಲಪ್ಪಾ, ಚೆನ್ನಾಗಿ ನೋಡ್ಕೊಳ್ಳಿ ಅಂತ. ನೋಡ್ತಾ ಇದೀನಿ."

ಹೀಗಿರುವಾಗ ಮೊದಲ ಬ್ರಿಜ್ ಮುರಿದು ಬಂತು.

ಅದು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಹೇಳುವ ಹೆಂಗಸಿನದು. ಊರಿಗೆಲ್ಲ ಅವಳು ಮೈಕಮ್ಮ. ಹಾಕಿಸಿಕೊಂಡು ವರ್ಷವೂ ತುಂಬಿರಲಿಲ್ಲ. ಎದುರು ಬೀದಿಯ ಹಲ್ಲಿನ ಡಾಕ್ಟರಮ್ಮ ಮುರಿದ ತುಂಡುಗಳನ್ನು ಹತ್ತಿಯಲ್ಲಿ ಸುತ್ತಿಕೊಂಡು ತಾವೇ ಮಹಡಿ ಹತ್ತಿ ಬಂದರು. ಹಿಂದೆಯೇ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಮೈಕಮ್ಮ.

"ಬೆಳಿಗ್ಗೆಯಿಂದ ಬಾಯಿ ತೆಗೆದ್ರೆ ಸಿಳ್ಳೆ ಬರ್ತಿದೆ," ಎಂದಳು ಅವಳು. ಪ್ರತಿ ಮಾತಿಗೂ ಗಾಳಿ ಸೋರುತ್ತಿತ್ತು. "ಏಳನೇ ಪ್ಲಾಟ್‌ಫಾರ್ಮ್ ಬಸ್ಸು ಅಂದ್ರೆ ಡ್ರೈವರುಗಳೆಲ್ಲ ತಿರುಗಿ ನೋಡ್ತಾರೆ, ಕಂಡಕ್ಟರ್ ಸೀಟಿ ಊದಿದ ಅಂತ. ಒಬ್ಬನಂತೂ ಬಸ್ಸನ್ನ ಹೊರಡಿಸೇಬಿಟ್ಟ."

ಯಾರೂ ನಗಲಿಲ್ಲ, ಅವಳೇ ಸ್ವಲ್ಪ ನಕ್ಕಳು.

ಡಾಕ್ಟರಮ್ಮ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ತೋರಿಸಿದರು. "ನೋಡಿ ಇಲ್ಲಿ. ಮುರಿದಿರೋದು ಲೋಹ ಅಲ್ಲ, ಬೆಸುಗೆ. ಸುತ್ತ ಅಂಚಿಗೆ ಮಾತ್ರ ಹಿಡಿದಿದೆ. ಒಳಗೆ ಅಂಟಿಯೇ ಇಲ್ಲ, ಎಲ್ಲ ಕಪ್ಪು. ವಸಡಿನ ಬದಿಯೂ ಕಪ್ಪಾಗಿತ್ತು. ಬಾಯಲ್ಲಿ ಏನೋ ಲೋಹದ ರುಚಿ ಅಂತ ಇವರು ಮೊದಲೇ ಹೇಳ್ತಿದ್ರು. ನಾನೇ ಔಷಧಿದಿರಬೇಕು ಅಂದ್ಕೊಂಡೆ."

ಅಕ್ಕ ಭೂತಗನ್ನಡಿ ತೆಗೆದುಕೊಂಡು ನೋಡಿದಳು. ಅವಳಿಗೆ ಕಂಡದ್ದು ಒಂದು ಕಪ್ಪು ಮಸುಕು. ಆದರೂ "ಹೌದು" ಎಂದಳು.

ಸ್ವಲ್ಪ ದಿನದಲ್ಲಿ ಇನ್ನೊಂದು ಬಂತು, ಒಬ್ಬ ಬೇಕರಿಯವನದು. ಅದೂ ಬೆಸುಗೆಯಲ್ಲೇ ಬಿಟ್ಟುಕೊಂಡಿತ್ತು, ಅದೇ ಕಪ್ಪು. ಡಾಕ್ಟರಮ್ಮ ಅದನ್ನೂ ಕೊಟ್ಟು ಹೋದ ಮೇಲೆ ತಮ್ಮ ಪರದೆ ಸರಿಸಿ ನಿಂತ. ಅವನು ಸಿಟ್ಟಿನಲ್ಲಿ ಮಾತಾಡುವವನು. ಅವತ್ತು ಮೆತ್ತಗೆ ಮಾತಾಡಿದ. ಅಕ್ಕನಿಗೆ ಅದೇ ಹೆಚ್ಚು ಚುಚ್ಚಿತು.

"ಅಕ್ಕ, ಲೇಸರ್ ಮೆಷಿನ್ ಇಟ್ಕೊಂಡಿರೋ ಲ್ಯಾಬಿನವರ ಹತ್ರ ಮಾತಾಡಿದೀನಿ. ಮುಂದಿನ ತಿಂಗಳಿಂದ ಜೋಡಿಸೋದೆಲ್ಲ ಅಲ್ಲಿಗೇ ಕಳಿಸ್ತೀನಿ. ನೀನು ಮೆರುಗು ನೋಡ್ಕೋ. ಆರಾಮಾಗಿರು."

"ನನ್ನ ಕೈ ಕೆಟ್ಟಿದೆ ಅಂತೀಯಾ?"

"ಕೈ ಕೆಟ್ಟಿದೆಯೋ, ಪುಡಿ ಕೆಟ್ಟಿದೆಯೋ, ನನಗೇನು ಗೊತ್ತು? ಬಾಯಲ್ಲಿ ಮುರೀತಿದೆ. ಅಷ್ಟು ಗೊತ್ತು."

"ತಿಂಗಳು ಮುಗಿಯೋವರೆಗೆ ಬಿಡು. ಯಾಕೆ ಅಂತ ಹುಡುಕ್ತೀನಿ. ಸಿಗಲಿಲ್ಲ ಅಂದ್ರೆ ನಾನೇ ಪರದೆ ಬಿಚ್ಚಿ ಮಡಿಸಿಡ್ತೀನಿ."

ಅವನು ತಲೆ ಕೆರೆದುಕೊಂಡು, "ಸರಿ" ಎಂದು ಹೋದ.

ಬೆಂಕಿಯ ಮುಂದೆ ಕೂರುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಅಡಿಗೆ ಬರುತ್ತಿತ್ತು, ಮೆರುಗು ಬರುತ್ತಿತ್ತು. ಆದರೆ ಆ ಮೂಲೆಯಲ್ಲಿ ಮಾತ್ರ ಯಾರೂ ಅವಳಿಗೆ ಬೇಗ ಬೇಗ ಎನ್ನುತ್ತಿರಲಿಲ್ಲ. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಹುಡುಕಾಟ ಶುರುವಾಯಿತು. ಆ ವಾರ ಗಂಡ ತಂಗಿಯ ಮನೆಗೆ ಹೋಗಿದ್ದ. ಅಕ್ಕ ಎರಕದಲ್ಲಿ ಮಿಕ್ಕ ಲೋಹದ ಕಡ್ಡಿಗಳನ್ನು ಆರಿಸಿ, ಕತ್ತರಿಸಿ, ಎರಡೆರಡಾಗಿ ಬೆಸೆದಳು. ಬರೀ ಕಡ್ಡಿಯಾದ್ದರಿಂದ ಸಂದಿನ ಅಳತೆ ಸುಲಭ. ಕಾರ್ಡನ್ನು ನಡುವೆ ಇಟ್ಟು ಎರಡೂ ಕಡೆಯಿಂದ ಒತ್ತಿ, ಮೇಣ ಹಾಕಿ, ಕಾರ್ಡು ತೆಗೆದರಾಯಿತು. ಒಂದಕ್ಕೆ ಹಳೆಯ ಡಬ್ಬಿಯ ಪುಡಿ, ಒಂದಕ್ಕೆ ಹೊಸ ಡಬ್ಬಿಯದು. ಬೆಂಚಿನ ಅಂಚಿಗೆ ಬಿಗಿದ ವೈಸಿನ ಹಿಡಿತದಲ್ಲಿ ಸಿಕ್ಕಿಸಿ ಇಕ್ಕಳದಿಂದ ಬಗ್ಗಿಸಿದಳು. ಕಡ್ಡಿ ಬಾಗಿತು, ಬೆಸುಗೆ ಬಿಡಲಿಲ್ಲ. ಇನ್ನು ಕೆಲವನ್ನು ಮನೆಗೆ ತಂದು, ಗಾಜಿನ ಬಾಟಲಿಯಲ್ಲಿ ವಿನೆಗರು, ಉಪ್ಪು ಹಾಕಿ ಅದರಲ್ಲಿ ಮುಳುಗಿಸಿ ಅಡಿಗೆ ಮನೆಯ ಕಿಟಕಿಯಲ್ಲಿಟ್ಟಳು. ಬಾಯಿಗಿಂತ ಅದು ಕ್ರೂರ. ಬೆಸುಗೆಯಲ್ಲಿ ಟೊಳ್ಳಿದ್ದರೆ ಕಪ್ಪು ಕಾರಲೇಬೇಕು.

ತಂಗಿಯ ಮನೆಯಿಂದ ಬಂದ ಗಂಡ ಬಾಟಲಿ ಎತ್ತಿ ನೋಡಿದ. "ಏನೇ ಇದು, ಕಬ್ಬಿಣದ ಉಪ್ಪಿನಕಾಯಿ ಹಾಕಿದೀಯಾ?"

"ಮುಟ್ಟಬೇಡಿ. ನನ್ನ ಕೈಯಿನ ಪರೀಕ್ಷೆ ನಡೀತಿದೆ ಅದರಲ್ಲಿ."

"ಫಲಿತಾಂಶ ಯಾವಾಗ?"

"ಕಪ್ಪಾದ್ರೆ ಫೇಲು."

ಕಪ್ಪಾಗಲಿಲ್ಲ. ಒರೆಸಿ ನೋಡಿದರೂ ಬಟ್ಟೆಗೆ ಏನೂ ಹತ್ತಲಿಲ್ಲ. ಅಕ್ಕನಿಗೆ ಒಂದು ಕಡೆ ನೆಮ್ಮದಿ, ಇನ್ನೊಂದು ಕಡೆ ತಲೆಬಿಸಿ. ಕೈ ಸರಿ, ಪುಡಿ ಸರಿ, ಬೆಸುಗೆ ಕಡ್ಡಿ ಸರಿ. ಹಾಗಾದರೆ ಮೈಕಮ್ಮನ ಬಾಯಲ್ಲಿ ಮುರಿದದ್ದು ಯಾಕೆ? ತಮ್ಮನ ಹತ್ತಿರ ಬಾಗಿದ ಕಡ್ಡಿ ತೋರಿಸಿದರೆ, "ಕಡ್ಡಿ ಬೇರೆ, ಬ್ರಿಜ್ ಬೇರೆ ಅಕ್ಕ. ಒಂದು ಬ್ರಿಜ್ಜನ್ನೇ ಮಾಡಿ ಬಗ್ಗಿಸಿ ತೋರಿಸು" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು.

ಅಳತೆ ತಪ್ಪಿ ಮೂಲೆಗೆ ಬಿದ್ದಿದ್ದ ಒಂದು ಎರಕವನ್ನು ತೆಗೆದುಕೊಂಡಳು. ಕತ್ತರಿಸಿದಳು, ಅಚ್ಚಿನ ಮೇಲೆ ಕೂರಿಸಿದಳು, ಹುದುಗಿಸಿದಳು, ಮೇಣ ಕಳೆದಳು. ಗಂಡ ಎಂದಿನಂತೆ ಸಂದು ನೋಡಿ, "ಒಂದೇ ಸಮ ಇದೆ" ಎಂದ. ಬೆಸೆದಳು. ನೋಡಲು ಬೆಸುಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ವೈಸಿಗೆ ಸಿಕ್ಕಿಸಿ ಇಕ್ಕಳ ಹಾಕಿದಳು. ಇನ್ನೂ ಪೂರ್ತಿ ಬಲ ಹಾಕಿರಲಿಲ್ಲ, ಟಕ್ ಎಂದಿತು. ಪರದೆಯಾಚೆ ತಮ್ಮನ ಚಕ್ರ ನಿಂತಿತು. ಸ್ವಲ್ಪದರಲ್ಲೇ ಮತ್ತೆ ಓಡಿತು.

ಅಕ್ಕ ಮುರಿದ ತುಂಡನ್ನು ಬೆರಳಲ್ಲಿ ತಿರುವಿ ತಿರುವಿ ನೋಡಿದಳು. ಕಡ್ಡಿ ಬೆಸೆದಾಗಲೂ ಇದೇ ಬೆಂಕಿ, ಇದೇ ಪುಡಿ. ಆಗ ಇರದಿದ್ದದ್ದು ಈಗ ಏನಿದೆ? ಪಕ್ಕದಲ್ಲಿ ಸ್ಟೂಲಿನ ಮೇಲೆ ಗಂಡ ಉಗುರು ಕತ್ತರಿಸಿಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ತಮ್ಮ ಡಾಕ್ಟರುಗಳ ಕಡೆ ಹೋಗಿದ್ದಾಗ ಅವಳು ಪರದೆಯನ್ನು ಪೂರ್ತಿ ಸರಿಸಿ ಬಿಸಿಲು ಒಳಗೆ ಬಿಟ್ಟಳು. ಇನ್ನೊಂದು ಹಳೆಯ ಎರಕವನ್ನು ಮೇಣ ಕಳೆಯುವವರೆಗಿನ ಕೆಲಸ ಮುಗಿಸಿ ಇಟ್ಟಿದ್ದಳು.

"ರೀ, ಸಂದು ನೋಡ್ತೀರಲ್ಲ, ನನ್ನೆದುರಿಗೆ ನಿಧಾನವಾಗಿ ಒಂದ್ಸಲ ಮಾಡಿ."

"ದಿನಾ ಮಾಡೋದೇ ಅಲ್ವಾ? ಇವತ್ತೇನು ಹೊಸದು?"

"ಮಾಡಿ ಅಂದ್ರೆ ಮಾಡಿ."

ಅವನು ಹಳೆಯ ವಿಸಿಟಿಂಗ್ ಕಾರ್ಡಿನಿಂದ ಸಣ್ಣ ಪಟ್ಟಿ ಕತ್ತರಿಸಿದ. ದರ್ಜಿಯ ಕತ್ತರಿ, ದಾರ ಎಳೆದಷ್ಟು ನೇರ. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಡ್ಡ ಹಿಡಿದು ಪಟ್ಟಿಯ ಎರಡೂ ಮುಖಕ್ಕೆ ತಿಕ್ಕತೊಡಗಿದ. ಪಟ್ಟಿ ಬೂದು ಬಣ್ಣಕ್ಕೆ ತಿರುಗಿ ಹೊಳೆಯುವವರೆಗೆ ತಿಕ್ಕಿದ. ಸಂದಿಗೆ ತೂರಿಸಿ ಮೇಲೆ ಕೆಳಗೆ ಎಳೆದ. ಸರಾಗವಾಗಿ ಆಡಿತು.

"ಒಂದೇ ಸಮ," ಎಂದ.

"ಅದೇನ್ರೀ ಅದು?"

"ಯಾವುದು?"

"ಕಾರ್ಡಿಗೆ ಪೆನ್ಸಿಲ್ ಯಾಕೆ ತಿಕ್ಕಿದ್ರಿ?"

"ಜಾರ್ಲಿ ಅಂತ. ಜಿಪ್ಪು ಹಿಡ್ಕೊಂಡ್ರೆ ನಾವು ಇದನ್ನೇ ತಾನೇ ಮಾಡೋದು? ಎರಡು ಸಲ ತಿಕ್ಕಿದ್ರೆ ಬೆಣ್ಣೆ ಹಾಗೆ ಓಡುತ್ತೆ. ಆವತ್ತು ಕಾರ್ಡು ಸಿಕ್ಕಿ ಹರಿದು ಚೂರು ಒಳಗೇ ಉಳೀತು ಅಂತ ನನ್ನ ಜನ್ಮ ಜಾಲಾಡಿದ್ಯಲ್ಲ, ಮರೆತುಹೋಯ್ತಾ? ಅವತ್ತಿಂದ ಒಂದು ಚೂರಾದ್ರೂ ಹರಿದಿದೆಯಾ ಕೇಳು."

ಮೆಚ್ಚುಗೆಗೆ ಕಾಯುತ್ತ ಅವಳ ಮುಖ ನೋಡಿದ.

ಅಕ್ಕ ಒಂದು ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸಂದಿನೊಳಗೆ ತಿರುಗಿಸಿ ತೆಗೆದು ಕಣ್ಣಿನ ಹತ್ತಿರ ಹಿಡಿದಳು. ಹತ್ತಿ ಕಪ್ಪಾಗಿತ್ತು. ಮರಳು ಊದಿದ ಲೋಹವೂ ಬೂದು, ಪೆನ್ಸಿಲಿನ ಮಸಿಯೂ ಬೂದು. ಅವಳ ಕಣ್ಣಿಗೆ ಎರಡೂ ಒಂದೇ ಆಗಿದ್ದವು.

"ಪೆನ್ಸಿಲ್ ಇದ್ದ ಕಡೆ ಬೆಸುಗೆ ಹರಿಯಲ್ಲ ರೀ."

"ಹೋಗೇ, ನೀನೇ ಅಂಚಿಗೆಲ್ಲ ಗೀಚ್ತೀಯಲ್ಲ!"

"ಹರೀಬಾರದು ಅಂತಾನೇ ಗೀಚೋದು."

"ಗುರುತಿಗೆ ಅಂದ್ಕೊಂಡಿದ್ದೆ," ಎಂದ ಅವನು. "ನಾವು ಬಟ್ಟೆ ಮೇಲೆ ಗೀಚೋದೆಲ್ಲ ಗುರುತಿಗೇ."

ಇಷ್ಟು ದಿನ ಪಕ್ಕದಲ್ಲೇ ಕೂತಿದ್ದವನಿಗೆ ಆ ಗೆರೆ ಯಾಕೆಂದು ಅವಳು ಹೇಳಿರಲಿಲ್ಲ. ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದಳು. ಗ್ಯಾಸಿನ ಕೀಲಿಯನ್ನು ತಿರುಗಿಸಿದಳು. ಅದು ಮೊದಲೇ ಮುಚ್ಚಿತ್ತು. ಬೈಯಬೇಕು ಎನಿಸಿ ಬಾಯಿ ತೆರೆದಳು, ಆದರೆ ಹರಿದ ಕಾರ್ಡಿಗೆ ಬೈದದ್ದೇ ಇಲ್ಲಿಗೆ ಬಂದು ನಿಂತಿದೆ ಎಂದು ತೋರಿ ಸುಮ್ಮನಾದಳು. ಗಂಡ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಲು ಹೋಗಿ, ಬೇಡವೆಂದು ಜೇಬಿಗಿಟ್ಟ.

"ಹಾಗಾದ್ರೆ ಆ ಮೈಕಮ್ಮಂದು?" ಎಂದ.

"ಅದೂ."

"ಬೇಕರಿಯವಂದು?"

"ಅದೂ. ಆಮೇಲೆ ಮಾಡಿದ್ದೆಲ್ಲಾನೂ."

ಅವನು ಮೆಟ್ಟಿಲಿಳಿದು ಮನೆಗೆ ಹೋದ.

ತಮ್ಮ ಬಂದಾಗ ಅಕ್ಕ ಕಪ್ಪಾದ ಹತ್ತಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಪೆನ್ಸಿಲ್ ತಿಕ್ಕಿದ್ದನ್ನು ಹೇಳಿದಳು. ಕಣ್ಣಿನ ಪೊರೆಯನ್ನೂ ಹೇಳಿದಳು. ಮೊದಲನೆಯದಕ್ಕೆ ತಮ್ಮ ಹಣೆ ಬಡಿದುಕೊಂಡ. ಎರಡನೆಯದಕ್ಕೆ ಹತ್ತಿರ ಬಂದು ಅವಳ ಕಣ್ಣನ್ನೇ ನೋಡಿದ.

"ಸದ್ಯ, ಕಾರಣ ಸಿಕ್ತಲ್ಲ," ಎಂದ ಕೊನೆಗೆ. "ಕೈ ಸರಿ ಇದೆ. ಇನ್ಮೇಲೆ ಸಂದು ನಾನು ನೋಡಿಕೊಡ್ತೀನಿ, ಬೆಂಕಿ ನಿನ್ನದೇ. ಲೇಸರಿನವರಿಗೆ ಬೇಡ ಅಂತೀನಿ. ಮುಗೀತು ಬಿಡು."

"ಮುಗೀಲಿಲ್ಲ. ಬಾಯಲ್ಲಿರೋದೆಲ್ಲ ವಾಪಸ್ ಕರೆಸಬೇಕು."

"ಮುರೀದೆ ಇರೋದನ್ನೂ?"

"ಮುರೀದೆ ಇರೋದನ್ನೇ. ಮುರಿದದ್ದು ತಾನೇ ಬರುತ್ತೆ."

"ಅಕ್ಕ, ತಲೆ ಸರಿ ಇದೆಯಾ? ನಮ್ಮ ಕೆಲಸ ಟೊಳ್ಳು ಅಂತ ನಾವೇ ಡಂಗುರ ಸಾರಿದ್ರೆ ನಾಳೆ ಯಾವ ಡಾಕ್ಟ್ರು ಕೆಲಸ ಕೊಡ್ತಾರೆ? ಕೆಲವು ಹಾಗೇ ನಿಂತುಬಿಡಬಹುದು. ಎಲ್ಲದಕ್ಕೂ ಅಷ್ಟೇ ಮಸಿ ಹತ್ತಿರುತ್ತೆ ಅಂತ ಏನು?"

"ನಿಂತಿರಬಹುದು. ಯಾವುದು ನಿಂತಿದೆ ಅಂತ ನೀನು ಹೇಳ್ತೀಯಾ? ಮೇಲಿಂದ ಎಲ್ಲಾ ಹೊಳೀತಾ ಇರುತ್ತೆ. ಒಳಗೆ ಕಿಲುಬು ಕೂತು ವಸಡು ಕಪ್ಪಾಗುತ್ತೆ. ಯಾರಿಗಾದ್ರೂ ನಿದ್ದೇಲಿ ಮುರಿದು ಗಂಟಲಿಗೆ ಹೋದ್ರೆ?"

ತಮ್ಮ ಸ್ಟೂಲು ಎಳೆದುಕೊಂಡು ಕೂತ.

"ಇನ್ನೊಂದು ಮಾತು," ಎಂದಳು ಅಕ್ಕ. "ಬೆಂಕಿ ನನ್ನದೇ ಅಂದೆಯಲ್ಲ, ಈಗ ಬೇಡ. ಪೆನ್ಸಿಲ್ ತಿಕ್ಕಿದ್ದು ಅವರು. ಸಂದಿನೊಳಗೆ ಮಸಿ ಇದ್ದದ್ದು ಕಾಣದೆ ಬೆಂಕಿ ಹಿಡಿದೋಳು ನಾನು. ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಅವರನ್ನ ನಾನೇ ಈ ಬೆಂಚಿಂದ ಎಬ್ಬಿಸ್ತಿದ್ದೆ. ಪೊರೆ ತೆಗೆಸ್ಕೊಂಡು ಬರ್ತೀನಿ. ಆಮೇಲೂ ಕಾಣದಿದ್ರೆ ಮೆರುಗಿಗೆ ಕೂರಿಸು."

ತಮ್ಮ ಹತ್ತಿಯನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟ. ಆ ಸಂಜೆ ಕಪಾಟಿನಿಂದ ಅಚ್ಚುಗಳನ್ನು ಇಳಿಸಿ, ಕಾರ್ಡು ಹರಿದ ಮೇಲೆ ಬೆಸೆದವನ್ನೆಲ್ಲ ಒಂದು ಕಡೆ ಜೋಡಿಸಿದ. ಯಾವ ದವಡೆ ಯಾರದು ಎಂದು ಅಕ್ಕ ಬೆರಳಾಡಿಸಿಯೇ ಹೇಳಿದಳು. ಮೇಜು ತುಂಬಿತು.

ಡಾಕ್ಟರಮ್ಮನಿಗೆ ಹೇಳಲು ಇಬ್ಬರೂ ಜೊತೆಗೇ ಹೋದರು. ಅವರು ಕುರ್ಚಿಯ ಮೇಲೆ ಬಾಯಿ ಬಿಟ್ಟುಕೊಂಡಿದ್ದವನನ್ನು ಹಾಗೆಯೇ ಬಿಟ್ಟು ಹೊರಗೆ ಬಂದು ಕೇಳಿಸಿಕೊಂಡರು. ಮುಖ ಗಂಟಿಕ್ಕಿತು. "ಕರೆಸ್ತೀನಿ. ಗಟ್ಟಿ ಪದಾರ್ಥ ಕಡೀಬೇಡಿ ಅಂತ ಮೊದಲು ಫೋನ್ ಮಾಡಿಸ್ತೀನಿ," ಎಂದರು. ಬಾಗಿಲ ಬಳಿ ತಿರುಗಿ, "ಲೋಹದ ರುಚಿ ಅಂತ ಅವರು ಹೇಳಿದಾಗಲೇ ನಾನೂ ಬಿಚ್ಚಿ ನೋಡಬೇಕಿತ್ತು," ಎಂದು ಒಳಗೆ ಹೋದರು.

ಬಂದವರಲ್ಲಿ ಕೆಲವರು ಕೂಗಾಡಿದರು, ಕೆಲವರು ಏನೂ ಅನ್ನದೆ ಬಿಚ್ಚಿಸಿಕೊಂಡರು. ಒಬ್ಬ ಮುದುಕ, "ನನ್ನದು ಚೆನ್ನಾಗೇ ಇದೆ, ನನ್ನ ಜೊತೇಲೇ ಮಣ್ಣಿಗೆ ಹೋಗ್ಲಿ" ಎಂದು ಬಾಯಿ ತೆಗೆಯಲೇ ಇಲ್ಲ. ಬಿಚ್ಚಿದವುಗಳಲ್ಲಿ ಬಹುಪಾಲು ಒಳಗೆ ಕಪ್ಪಿಟ್ಟಿದ್ದವು, ಕೆಲವು ಗಟ್ಟಿಯಾಗಿದ್ದವು. ಗಟ್ಟಿಯಾಗಿದ್ದವನ್ನು ನೋಡಿ ತಮ್ಮ ಒಂದು ದಿನ ಮಾತು ಬಿಟ್ಟ. ಇನ್ನೊಬ್ಬ ಡಾಕ್ಟರು ಕೆಲಸ ಕಳಿಸುವುದನ್ನು ನಿಲ್ಲಿಸಿದರು. ಅವಸರದ ಜೋಡಣೆಗಳು ಲೇಸರ್ ಮೆಷಿನ್ನಿನವರ ಬಳಿ ಹೋಗಿ ಬಂದವು, ಚೆನ್ನಾಗಿಯೇ ಬಂದವು.

ಅಕ್ಕನ ಪೊರೆಯನ್ನು ಒಂದು ಕಣ್ಣಿನದಾದ ಮೇಲೆ ಇನ್ನೊಂದು ಕಣ್ಣಿನದು ಎಂದು ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಿದ್ದಾಗ ಅಡಿಗೆ, ಬಟ್ಟೆ, ಪಾತ್ರೆ ಎಲ್ಲ ಗಂಡನೇ ಮಾಡಿದ. ಲ್ಯಾಬಿನ ಸುದ್ದಿ ಅವನು ಎತ್ತಲಿಲ್ಲ. ಅವಳು ಎತ್ತಿದರೆ ಸಾರಿಗೆ ಉಪ್ಪು ನೋಡಲು ಎದ್ದು ಹೋಗುತ್ತಿದ್ದ.

ಮತ್ತೆ ಬೆಂಚಿಗೆ ಬಂದ ದಿನ ಅವಳು ಮೊದಲು ಕೈಗೆತ್ತಿಕೊಂಡದ್ದು ಮೈಕಮ್ಮನ ಹೊಸ ಬ್ರಿಜ್ಜಿನ ಜೊತೆಗೇ ಪರೀಕ್ಷೆಗೆಂದು ಎರಕ ಹೊಯ್ದಿದ್ದ ಅದರಂಥದೇ ಇನ್ನೊಂದನ್ನು. ಸಂದಿಗೆ ಬರೀ ಕಾರ್ಡು ತೂರಿಸಿದಳು. ಸಿಕ್ಕಿಕೊಂಡು ಹರಿಯಿತು. ಚಿಮಟದಿಂದ ಚೂರನ್ನು ಹೆಕ್ಕಿ, ಒಳಗೆ ಇಣುಕಿ, ಇನ್ನೊಂದು ಚೂರು ಕಂಡು ಅದನ್ನೂ ಹೆಕ್ಕಿದಳು. ಹತ್ತಿ ಬಿಳಿಯಾಗಿಯೇ ಹೊರಬಂತು. ಬೆಂಕಿ ಹಚ್ಚಿದಳು. ಲೋಹ ಕೆಂಪಾಗಿ, ಕಿತ್ತಳೆಯಾಗಿ, ಕಡ್ಡಿ ತಾಕಿಸಿದ ಕೂಡಲೇ ಬೆಸುಗೆ ಒಂದು ಬದಿಯಿಂದ ಸಂದಿನೊಳಗೆ ಇಳಿದು ಇನ್ನೊಂದು ಬದಿಯಲ್ಲಿ ತಲೆಯೆತ್ತಿತು.

ತಣ್ಣಗಾದ ಮೇಲೆ ತಮ್ಮನೇ ವೈಸಿಗೆ ಸಿಕ್ಕಿಸಿದ. ತವಕದವನು, ಇದ್ದ ಬಲವೆಲ್ಲ ಹಾಕಿದ. ಪಕ್ಕದ ಲೋಹ ಬಾಗಿತು. ಇಕ್ಕಳ ಜಾರಿ ಅವನ ಗೆಣ್ಣು ತರಚಿತು. ಬೆಸುಗೆ ಹಾಗೇ ಇತ್ತು.

"ಲೇಸರಿನವರಿಗೆ ಏನು ಹೇಳ್ತೀಯಾ?" ಎಂದಳು ಅಕ್ಕ.

"ಅವಸರದ್ದು ಅವರಿಗೆ, ಉಳಿದದ್ದು ನಿನಗೆ," ಎಂದು ಗೆಣ್ಣು ಚೀಪಿಕೊಳ್ಳುತ್ತ ಹೇಳಿದ. "ಭಾವನಿಗೆ ಬರೋಕೆ ಹೇಳು. ಪೆನ್ಸಿಲ್ ಮನೇಲಿಟ್ಟು ಬರಲಿ."

ಸಂಜೆ ಅವಳು ಮನೆಗೆ ಹೋದಾಗ ಗಂಡ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದ. ಬೆಂಚು ಉಳಿದ ಸುದ್ದಿ ಹೇಳಿದಳು. "ಒಳ್ಳೇದಾಯ್ತು" ಎಂದ. ತಮ್ಮ ಕರೆದಿದ್ದಾನೆ ಎಂದಳು. "ನೋಡೋಣ" ಎಂದ. ಅವಳು ಒಂದು ತಪ್ಪಲೆ ಎತ್ತಿ ದೀಪದ ಕೆಳಗೆ ಹಿಡಿದಳು. ಬುಡದಲ್ಲಿ ಮಸಿ, ಕಂಠದ ಸುತ್ತ ಜಿಡ್ಡು, ಹಿಡಿಯ ಸಂದಿಯಲ್ಲಿ ಯಾವ ಕಾಲದ್ದೋ ಸಾರು.

"ಇದು ತೊಳೆದದ್ದಾ?"

"ಇಷ್ಟು ದಿನ ಇದರಲ್ಲೇ ಉಂಡಿದೀಯ. ಚೆನ್ನಾಗಿದೆ ಅಂತ ಎರಡನೇ ಸಲ ಬಡಿಸ್ಕೊಂಡಿದೀಯ."

"ಆಗ ಕಾಣ್ತಿರಲಿಲ್ಲ. ಬಟ್ಟೆ ತಗೊಳ್ಳಿ, ನೀವು ಒರೆಸಿ."

ಅವಳು ಸೆರಗು ಸಿಕ್ಕಿಸಿಕೊಂಡು ನಲ್ಲಿ ತಿರುಗಿಸಿ, ನಾರಿಗೆ ಸೋಪು ಹಚ್ಚಿ, ತಪ್ಪಲೆಯ ಬುಡ ತಿಕ್ಕತೊಡಗಿದಳು. ಅವನು ಪಕ್ಕದಲ್ಲಿ ನಿಂತು ಒಂದೊಂದನ್ನೇ ತೆಗೆದುಕೊಂಡು ಒರೆಸಿ ಮಣೆಯ ಮೇಲೆ ಜೋಡಿಸಿದ.